ಅಟ್ಟದಿಂದ ಇಳಿದ ಹಗ್ಗ

ಮಲ್ಲೇಶನಿಗೆ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟೆ. ಮಧ್ಯಾಹ್ನ ಹೊನ್ನವಳ್ಳಿಗೆ, ನಿಮ್ಮ ಮನೆಗೆ ಹೋಗಿ ಹಸುವಿನ ಹಿಂಡಿ ಮೂಟೆ ತಂದೆ. ಆಮೇಲೆ ಏನೂ ಮಾಡಿಲ್ಲ, ಜಗಲಿಯ ಮೇಲೆ ಕೂತಿದ್ದೇನೆ. ಚಿಕ್ಕಂದಿನಿಂದ ಮಲ್ಲಣ್ಣ ಎಂದೇ ಕರೆದವನು ಇವತ್ತೂ ಹಾಗೇ ಬರೆಯಲು ಹೋದೆ. ಕೈ ಬರಲಿಲ್ಲ.

ನೀನು ತಿಪಟೂರಿನ ಮಂಡಿಗೆ ಹೋಗಿದ್ದೆ. ಮೂಟೆಯನ್ನು ಬೈಕಿಗೆ ಬಿಗಿಯಲು ನಾನು ಹಗ್ಗ ಕೇಳಿದೆ. ನಿಮ್ಮವ್ವ ಗುರುಸಿದ್ದಮ್ಮ ಒಳಗಿನಿಂದ ಒಂದು ತಂದುಕೊಟ್ಟರು. "ಅಟ್ಟ ಗುಡಿಸ್ತಿದ್ದೆ ಕಣಪ್ಪ. ನೀವು ಮಂಜಿನ ಬೆಟ್ಟಕ್ಕೆ ಹೋಗಿದ್ರಲ್ಲ, ಆ ಚೀಲದ ತಳದಲ್ಲಿತ್ತು. ಇಷ್ಟು ಗಟ್ಟಿ ಹಗ್ಗವ ಯಾರಾದ್ರೂ ಸುಮ್ನೆ ಮಡಗ್ತಾರಾ, ತಗಂಡೋಗು" ಎಂದರು.

ಅದರ ತುದಿ ನೋಡಿದೆ. ಎಳೆ ಬಿಚ್ಚಬಾರದೆಂದು ಹಳೆಯ ಟ್ಯೂಬ್ ಸುತ್ತಿ, ಮೇಲೆ ನಮ್ಮವ್ವನ ಸೀರೆಯ ಹಸಿರು ಅಂಚು ಕಟ್ಟಿತ್ತು. ಕಟ್ಟಿದವನು ನನ್ನ ತಮ್ಮ ಪುನೀತ. ನಮ್ಮ ತೋಟದ ಕಾಯಿಯ ನಾರು ನೆನೆಹಾಕಿ, ಬಡಿದು, ಇದೇ ಜಗಲಿಯ ಮೇಲೆ ಕೂತು ಹೊಸೆದಿದ್ದ. ಅಂಗಡಿಯ ಹಗ್ಗ ಸಾಲದೇನೋ ಎಂದು ನೀನು ರೇಗಿಸಿದಾಗ, "ಅದು ಒದ್ದೆ ಕೈಲಿ ಜಾರ್ತದೆ, ಇದು ಕಚ್ಕೊಂತದೆ ಕಣಣ್ಣ. ನಿನ್ನಂಗೆ ಜಾರಾಕಿಲ್ಲ" ಎಂದು ನಕ್ಕಿದ್ದ.

ಎರಡು ವರ್ಷದ ಹಿಂದಿನ ಆಷಾಢ. ಮದುವೆ ಮುಂಜಿಗಳ ಓಡಾಟವಿಲ್ಲವೆಂದು ಮೂವರೂ ಹೊರಟೆವು. ಬೈಕುಗಳನ್ನು ರೈಲಿಗೆ ಹಾಕಿ ಚಂಡೀಗಢದಲ್ಲಿ ಇಳಿಸಿಕೊಂಡು ಹಿಮಾಲಯದ ಸ್ಪಿತಿಯ ದಾರಿ ಹಿಡಿದೆವು. ಅಲ್ಲಿ ರಸ್ತೆ ಎಂದರೆ ಲಾರಿ ಹೋದ ಗುರುತು, ಅಷ್ಟೇ. ಜಲ್ಲಿ ಬಂದಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ ಎಂದು ನೀನೇ ಹೇಳಿಕೊಟ್ಟೆ. ಒಂದು ಕಡೆ ಗುಡ್ಡ ಕುಸಿದು ದಾರಿಯ ತುಂಬ ಬಂಡೆ ಬಿದ್ದಿದ್ದವು. ಸಾಮಾನು ಇಳಿಸಿ, ಒಬ್ಬ ಹ್ಯಾಂಡಲ್ ಹಿಡಿದು, ಇಬ್ಬರು ಈ ಹಗ್ಗದಲ್ಲಿ ಎಳೆದು ಮೂರೂ ಬೈಕು ದಾಟಿಸಿದೆವು. "ನಮ್ಮೂರ ಹೋರಿಗಳೂ ಹಿಂಗೆ ಎಳೀವು" ಎಂದು ಪುನೀತ ನಮ್ಮಿಬ್ಬರ ಬೆನ್ನು ತಟ್ಟಿದ್ದ. ಹಗ್ಗ ನಿನ್ನ ಚೀಲದಲ್ಲಿರಬೇಕು, ನೀರು ಬಂದರೆ ಮೊದಲು ನೀನು ದಾಟಿ ಆ ದಡದಿಂದ ಎಸೆಯಬೇಕು. ಅದು ನಮ್ಮ ಮಾತು.

ಆ ಹಳ್ಳದ ಹತ್ತಿರ ಬೆಳಿಗ್ಗೆಯೇ ಬಂದಿದ್ದೆವು. ಚಹಾ ಅಂಗಡಿಯವನು ಹಿಂದಿಯಲ್ಲಿ ಏನೋ ಹೇಳಿ ನಮ್ಮನ್ನು ಅವಸರಪಡಿಸಿದ. ನಮಗೆ ಅರ್ಧ ತಿಳಿಯಲಿಲ್ಲ. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು, ಬಿಸಿಲೇರಲಿ ಎಂದು ಕೂತೆವು. ನಮ್ಮ ಕಡೆ ಹಳ್ಳ ಏರುವುದು ಮಳೆ ಬಂದರೆ ಮಾತ್ರ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಬಿಸಿಲಿಗೆ ಮಂಜು ಕರಗಿ ಹಳ್ಳ ಏರುತ್ತದೆಂದು ತೆಂಗಿನ ಸೀಮೆಯ ಮೂವರಿಗೂ ಹೊಳೆಯಲಿಲ್ಲ. ಆ ತಪ್ಪು ಮೂವರದ್ದು. ಅದಕ್ಕೆ ನಿನ್ನನ್ನು ದೂರುವುದಿಲ್ಲ.

ಮಧ್ಯಾಹ್ನ ನೀನು ದಾಟಿದೆ. ಪುನೀತ ನಡುವೆ ಸಿಕ್ಕಿಕೊಂಡ. ಇಂಜಿನ್ ನಿಂತಿತು, ನೀರು ಸೊಂಟಕ್ಕೆ ಬಂತು. ಕಾಲು ಕಲ್ಲಿನ ಸಂದಿಗೆ ಸಿಕ್ಕಿತೋ ಏನೋ, ಬೈಕು ಬಿಡೋ ಎಂದರೂ ಅಲ್ಲಾಡಲಿಲ್ಲ. "ಹಗ್ಗ ಎಸಿಯಣ್ಣೋ" ಎಂದು ನಿನ್ನ ಕಡೆ ಕೂಗಿದ. ನೀನು ಚೀಲದೊಳಗೆ ಕೈ ಹಾಕಿದ್ದನ್ನು ಈ ದಡದಿಂದ ಕಂಡೆ. ನೀನು ಬರಿಗೈ ತೆಗೆದೆ. ಆಗಲೇ ನಾನು ನೀರಿಗೆ ಕಾಲಿಟ್ಟಿದ್ದೆ. "ಹಗ್ಗ ಬಿದ್ದೋಗದೆ ಕಣ್ಲಾ ಗಂಗ, ಹಿಂದೆ ತಿರುವಲ್ಲಿ ನೋಡ್ಲಾ" ಎಂದು ನೀನು ಕೂಗಿದೆ. ನಿನ್ನ ಮಾತು ನಂಬಿ ಓಡಿದೆ. ತಿರುವಿನವರೆಗೂ ಕಲ್ಲಿನ ಸಂದಿ ಸಂದಿ ಹುಡುಕಿದೆ. ವಾಪಸ್ ಬರುವಷ್ಟರಲ್ಲಿ ನೀರಿನ ಮೇಲೆ ಹ್ಯಾಂಡಲ್ ಒಂದೇ ಕಾಣುತ್ತಿತ್ತು.

ಆ ಸಂಜೆ ನೀನು ಲಾರಿಯೊಂದನ್ನು ಹತ್ತಿ ಈ ದಡಕ್ಕೆ ಬಂದ ಮೇಲೆ, ನನಗೆ ಒಣಗಿದ ಅಂಗಿ ಬೇಕಾಗಿ ನಿನ್ನ ಚೀಲಕ್ಕೆ ಕೈ ಹಾಕಹೋದೆ. ನೀನು ಕಿತ್ತುಕೊಂಡು, ನೀನೇ ತೆಗೆದುಕೊಟ್ಟೆ. ನನ್ನ ಮೇಲಿನ ಮಮತೆ ಎಂದುಕೊಂಡೆ.

ಈ ಎರಡು ವರ್ಷ ನೀನು ಬಂದು ಅತ್ತಾಗಲೆಲ್ಲ, "ಹಗ್ಗ ಬಿದ್ದೋದ್ರೆ ನೀನೇನ್ ಮಾಡ್ತೀಯ ಬುಡಣ್ಣ" ಎಂದು ಸಮಾಧಾನ ಹೇಳಿದವನು ನಾನು. ನೀನು ಕಣ್ಣೊರೆಸಿಕೊಂಡು ನಮ್ಮವ್ವ ಬಡಿಸಿದ್ದನ್ನು ಉಂಡು ಹೋಗುತ್ತಿದ್ದೆ. ನಾನು ಸರಿಯಾಗಿ ಹುಡುಕಲಿಲ್ಲವೇನೋ, ಇನ್ನೊಂದಿಷ್ಟು ಹಿಂದೆ ಹೋಗಿದ್ದರೆ ಸಿಗುತ್ತಿತ್ತೇನೋ ಎಂದು ಆ ದಾರಿಯಲ್ಲೇ ಇನ್ನೂ ಓಡುತ್ತಿದ್ದೇನೆ, ಮಲ್ಲೇಶ.

ನಿನಗೆ ಭಯವಾಗಿರಬೇಕು. ಹಗ್ಗದ ಒಂದು ತುದಿ ಹಿಡಿದರೆ ನೀರು ನಿನ್ನನ್ನೂ ಸೆಳೆದೀತು ಎಂದು. ಆ ನೀರು ನಾನೂ ನೋಡಿದ್ದೇನೆ, ಭಯಪಟ್ಟದ್ದು ತಪ್ಪಲ್ಲ. "ಕೈಲಾಗದಿಲ್ಲ ಕಣ್ಲಾ" ಎಂದು ಕೂಗಿದ್ದರೆ ಸಾಕಿತ್ತು, ನಾನು ಇಳಿಯುತ್ತಿದ್ದೆ. ಉಳಿಸುತ್ತಿದ್ದೆನೋ ಇಲ್ಲವೋ, ಅವನ ಹತ್ತಿರ ಇರುತ್ತಿದ್ದೆ. ನೀನು ನನಗೆ ಬೆನ್ನು ತಿರುಗಿಸಿ ಓಡುವಂತೆ ಮಾಡಿದೆ. ಅವನು ಕೊನೆಗೆ ಕಂಡದ್ದು ನನ್ನ ಬೆನ್ನು.

ಅದನ್ನು ಎಲ್ಲಾದರೂ ಬಿಸಾಡಬಹುದಿತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಿನ್ನಿಂದ ಆಗಿರಲಿಕ್ಕಿಲ್ಲ. ನಮ್ಮ ಕಡೆ ಒಳ್ಳೆಯ ಹಗ್ಗ ಯಾರೂ ಬಿಸಾಡುವುದಿಲ್ಲ.

ಹೋದ ವರ್ಷ ಪುನೀತನ ಎಡೆಗೆ ಅವ್ವ ಹೋಳಿಗೆ ಮಾಡಿದ್ದು ನಿನಗೆ ನೆನಪಿರಬಹುದು. ಬಾಡೆಂದರೆ ಪ್ರಾಣ ಬಿಡುತ್ತಿದ್ದ ಹುಡುಗನಿಗೆ ಸಿಹಿ ಎಡೆ ಇಟ್ಟದ್ದು ನಿನಗಾಗಿ. ನೀನು ಬಾಡು ಮುಟ್ಟುವವನಲ್ಲ, ನೀನೂ ಪಂಕ್ತಿಯಲ್ಲಿ ಕೂರಬೇಕು ಎಂದು. ನಾಳೆಯ ಎಡೆಗೆಂದು ಇವತ್ತೂ ಬೇಳೆ ಆರಿಸುತ್ತಿದ್ದಳು. "ಈ ವರ್ಷ ಬಾಡು ಮಾಡವ್ವ" ಎಂದೆ. "ಮಲ್ಲೇಶ ಏನ್ ತಿಂತಾನ್ಲಾ?" ಎಂದಳು. "ಅವ್ನು ಬರಾಕಿಲ್ಲ ಬುಡವ್ವ." "ಯಾಕ್ಲಾ, ಊರಲ್ಲಿಲ್ವಾ?" ಇಲ್ಲ ಎಂದೆ. ನಿನಗಾಗಿ ಹೇಳಿದ ಸುಳ್ಳು ಅದೊಂದೇ, ಇನ್ನು ಹೇಳುವುದಿಲ್ಲ. ಹಗ್ಗದ ವಿಷಯ ಅವಳಿಗೆ ತಿಳಿಸಿಲ್ಲ. ಅದನ್ನು ಹೇಳಬೇಕಾದ ಬಾಯಿ ನನ್ನದಲ್ಲ.

ನಿನ್ನ ಮಗಳು ಸೌಂದರ್ಯ ಚೆನ್ನಾಗಿರಲಿ. ಅವಳು ಕೂಗಿದಾಗ ಓಗೊಡುವವರು ಅವಳ ಜೊತೆಗಿರಲಿ. ನೀನು ಇನ್ನು ಈ ಕಡೆ ಬರಬೇಡ.

ನಾಳೆ ಪುನೀತನಿಗೆ ಬಾಡಿನ ಎಡೆ.

ಗಂಗರಾಜು
ಬಿಳಿಗೆರೆ