ಕಂಡವಳೇ ಬಂದು ಹೇಳಬೇಕು

ನ್ಯಾಯಾಲಯದ ವಕೀಲರ ಕೊಠಡಿ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ನನ್ನ ಗುಬ್ಬಿ ಮಗಳಿಗೆ,

ಹೊಟ್ಟೆನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಅತ್ತೆ ಫೋನಿನಲ್ಲಿ 'ಚೆನ್ನಾಗಿದ್ದಾಳಣ್ಣ' ಅನ್ನುತ್ತಾಳೆ. ಆದರೆ ನನ್ನ ತಂಗಿ ಹುಟ್ಟಿದಾಗಿನಿಂದ ಒಂದು ಕೆಟ್ಟ ಸುದ್ದಿಯನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಅಮ್ಮ ಈಗಲೂ ಮೂರು ತಟ್ಟೆ ಹಾಕುತ್ತಾಳೆ, ಆಮೇಲೆ ಒಂದನ್ನು ಸದ್ದಿಲ್ಲದೆ ಎತ್ತಿಡುತ್ತಾಳೆ.

ನಿಮ್ಮ ವಾರ್ಡಿನ ಆಯಾ ಜೈಲು ಸೇರಿ ಏಳು ತಿಂಗಳಾಯಿತು. ಆಕ್ಸಿಜನ್ ಸಿಲಿಂಡರ್ ಖಾಲಿಯಾಗಿ ರೋಗಿ ಸತ್ತದ್ದು ಅವಳ ಅಸಡ್ಡೆಯಿಂದ ಎನ್ನಲು ಪೊಲೀಸರ ಕೈಯಲ್ಲಿರುವುದು ಡ್ಯೂಟಿ ರಿಜಿಸ್ಟರಿನ ಒಂದೇ ಸಾಲು: 'ನಾಲ್ಕು ಗಂಟೆಗೆ ಸಿಲಿಂಡರ್ ಬದಲಿಸಲು ಆಯಾಗೆ ತಿಳಿಸಲಾಗಿದೆ.' ರೋಗಿಯ ಉಸಿರು ನಿಂತ ಮೇಲೆ ಡ್ಯೂಟಿ ಡಾಕ್ಟರು ಆ ಸಾಲನ್ನು ತುರುಕಿದ್ದನ್ನು ಕಂಡವಳು ನೀನೊಬ್ಬಳೇ. 'ಬಾಯಿ ಬಿಟ್ರೆ ನಿನ್ನ ನರ್ಸ್ ಲೈಸೆನ್ಸ್ ಹೇಗೆ ಉಳಿಯುತ್ತೆ ನೋಡ್ತೀನಿ' ಎಂದು ಅವರು ಹೆದರಿಸಿದ್ದನ್ನೂ ನೀನೇ ಹೇಳಿದೆ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, 'ಅಪ್ಪಾ, ನನ್ನ ಹೆಸರು ಎಲ್ಲೂ ಬರಬಾರ್ದು, ಮಾತು ಕೊಡು' ಅಂದೆ. ಕೊಟ್ಟೆ. ಆಮೇಲೆ ನೀನು ಕೆಲಸ ಬಿಟ್ಟು ಅತ್ತೆಯ ಮನೆ ಸೇರಿದೆ. ನಾನು ನಿನ್ನ ಹೆಸರೆತ್ತದೆಯೇ ಗೆದ್ದು ತೋರಿಸುತ್ತೇನೆಂಬ ಹುಮ್ಮಸ್ಸಿನಲ್ಲಿ ಆಯಾಳ ವಕಾಲತ್ತು ಹಿಡಿದೆ. ಮುದಿ ಗೂಳಿಯ ಹುಮ್ಮಸ್ಸು ಅಂತ ನಿನ್ನ ಅಮ್ಮ ಅವತ್ತೇ ಅಂದಿದ್ದಳು.

ಬರವಣಿಗೆ ಪರೀಕ್ಷಿಸುವವರನ್ನು ಕರೆಸಿದೆ. ಅದೇ ಪೆನ್ನು, ಅದೇ ಕೈ, ಯಾವ ಗಳಿಗೆಯಲ್ಲಿ ಬರೆದದ್ದೆಂದು ಹೇಳಲಾಗದು ಅಂದರು. ಡಾಕ್ಟರನ್ನು ಪಾಟೀಸವಾಲಿನಲ್ಲಿ ಒಂದೂವರೆ ಗಂಟೆ ಜಾಲಾಡಿದೆ. ಕನ್ನಡಕ ಒರೆಸಿಕೊಂಡು, 'ನಾಲ್ಕಕ್ಕೇ ಬರೆದೆ' ಎಂಬ ಒಂದೇ ಮಾತಿಗೆ ಅಂಟಿಕೊಂಡರು. ನಿನ್ನೆ ನನಗೆ ತಾಳ್ಮೆ ತಪ್ಪಿತು. 'ಅದು ಆಮೇಲೆ ಬರೆದದ್ದು ಸ್ವಾಮಿ, ನನಗೆ ಗೊತ್ತು' ಎಂದುಬಿಟ್ಟೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, 'ನೀವು ಕಂಡ್ರಾ ವಕೀಲ್ರೇ?' ಅಂದರು. 'ಇಲ್ಲ, ಕಂಡವರು ನನಗೆ ಹೇಳಿದಾರೆ.' 'ಹಾಗಾದ್ರೆ ಕಂಡವರನ್ನ ಕರೆಸಿ. ನಿಮ್ಮ ಬಾಯಲ್ಲಿ ಅದು ಬರೀ ಸುದ್ದಿ.' ಎದುರು ಪಕ್ಷದ ವಕೀಲ ನಕ್ಕ. ಮೂವತ್ತು ವರ್ಷಗಳ ಕಾಲ ಕಿರಿಯ ವಕೀಲರಿಗೆಲ್ಲ ಪಾಠ ಹೇಳಿದವನು ನಾನು: ಕೇಳಿದ ಮಾತು ಸಾಕ್ಷಿಯಲ್ಲ, ಕಂಡವರೇ ಕಟಕಟೆಯಲ್ಲಿ ನಿಂತು ಪ್ರಶ್ನೆಗೆ ಎದೆಯೊಡ್ಡಬೇಕು. ಆ ನಿಯಮವನ್ನು ಬೈಯಲೂ ಬಾಯಿ ಬಾರದು ಮಗಳೇ, ಅದೇ ನಿಯಮ ಹಿಡಿದು ಎಷ್ಟು ಜನರನ್ನು ಚಾಡಿಮಾತಿನಿಂದ ಬಿಡಿಸಿದ್ದೇನೆ! ನಿನ್ನೆ ಅದು ನನ್ನ ಕುತ್ತಿಗೆಗೇ ಬಂತು.

ಕಲಾಪ ಮುಗಿದ ಮೇಲೆ ಮೆಟ್ಟಿಲ ಬಳಿ ಆಯಾಳನ್ನು ಕಂಡೆ. ಸೊರಗಿ ಕಡ್ಡಿಯಾಗಿದ್ದಾಳೆ. ನಿನ್ನ ಆರೋಗ್ಯ ವಿಚಾರಿಸಿದಳು. 'ಸಿಸ್ಟರಮ್ಮಂಗೆ ಬರೋದು ಕಷ್ಟ ಆದ್ರೆ ಬಿಡಿ ಸಾರ್. ಇನ್ನೂ ಚಿಕ್ಕೋರು, ಮುಂದೆ ಬದುಕಬೇಕಲ್ಲ' ಅಂದಳು. ನಾನು ನಿನ್ನ ವಿಷಯ ಅವಳಿಗೆ ಹೇಳಿರಲಿಲ್ಲ. ಅವತ್ತು ನೀನು ರಿಜಿಸ್ಟರ್ ಇದ್ದ ಕೋಣೆಯ ಬಾಗಿಲ ಬಳಿ ನಿಂತಿದ್ದನ್ನು ಅವಳು ನೋಡಿದ್ದಳಂತೆ. ನಿನಗೆ ತೊಂದರೆಯಾದೀತೆಂದು ಏಳು ತಿಂಗಳು ತುಟಿ ಬಿಚ್ಚಿಲ್ಲ. ರಾತ್ರಿ ನಿನ್ನ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಬೆಳಗಾಗುವಾಗ ಅವಳು ಅಂದದ್ದು ಇಷ್ಟೇ: 'ಮಗಳು ನಮ್ಮನ್ನ ಕ್ಷಮಿಸ್ದೇ ಇರ್ಬಹುದು. ಆದ್ರೆ ತನ್ನನ್ನ ತಾನು ಕ್ಷಮಿಸ್ಕೊಳ್ದೆ ಹೇಗೆ ಬದುಕ್ತಾಳೆ?'

ಮೈ ಕಡೆ ಗಮನವಿರಲಿ. ಅತ್ತೆಗೆ ನನ್ನ ನೆನಪು ತಿಳಿಸು. ಎಲ್ಲಿದ್ದರೂ ನೂರ್ಕಾಲ ತಣ್ಣಗಿರು.

ನಿನ್ನ,
ಅಪ್ಪ

ತಾ.ಕ.: ಮರೆತದ್ದಲ್ಲ, ಇಲ್ಲಿಯವರೆಗೆ ಬರೆಯಲು ಕೈ ಬರಲಿಲ್ಲ. ನಿನ್ನನ್ನು ಸಾಕ್ಷಿಯಾಗಿ ಕರೆಸಲು ಇಂದು ಬೆಳಿಗ್ಗೆ ಅರ್ಜಿ ಹಾಕಿದೆ, ಮಂಜೂರಾಯಿತು. ಗುರುವಾರ ಸಮನ್ಸ್ ಬರುತ್ತದೆ. ಅತ್ತೆಯ ಮನೆಯ ವಿಳಾಸ ಬರೆದುಕೊಟ್ಟವನು ನಾನೇ. ಅಪ್ಪನೇ ಮಗಳನ್ನು ಪ್ರಶ್ನೆ ಮಾಡುವುದು ಬೇಡವೆಂದು ಕೇಸನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ಕಂಡದ್ದನ್ನು ಹೇಳಿ, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದರೂ ಸರಿ, ಬಾ.