ಮಂತ್ರಿಗಳಿಗೆಂದು ಹಾಕುವ ಹಾಸು

ಜೂನ್ ೧೨, ಗುರುವಾರ

ಸರ್ಕಾರ ಅದೇ ಸಮ್ಮಿಶ್ರ, ಪ್ರಧಾನಿ ಮಾತ್ರ ಬದಲು, ನಮಗೇನು ಎಂದುಕೊಂಡಿದ್ದೆ. ಸಂಜೆ ಟಿವಿಯಲ್ಲಿ ಖಾತೆ ಹಂಚಿಕೆ ಬಂತು. ಜವಳಿ ಇನ್ನೊಂದು ಮಿತ್ರಪಕ್ಷದ ಪಾಲಾಗಿದೆ. ಹೋದ ವರ್ಷ ಮೊಳಕಾಲ್ಮೂರಿಗೆ ಬಂದು ನಮ್ಮ ಮಗ್ಗದ ಗುಂಡಿಯಲ್ಲಿ ಕೂತಿದ್ದ ಮಂತ್ರಿಗೆ ಈಗ ಮೀನುಗಾರಿಕೆಯಂತೆ. ಪವರ್‌ಲೂಮ್ ಸೀರೆಗೆ ನಮ್ಮೂರ ಹೆಸರು ಹಚ್ಚಿ ಮಾರುವುದನ್ನು ನಿಲ್ಲಿಸುತ್ತೇನೆ ಎಂದು ಅತ್ತೆಯ ಕೈ ಹಿಡಿದು ಹೇಳಿ ಹೋಗಿದ್ದರು.

ಮಂತ್ರಿಗಳು ಫೋಟೋಗೆಂದು ಲಾಳಿ ಹೊಡೆದೇ ಹೊಡೆಯುತ್ತಾರೆ, ಎಳೆ ಕಡಿಯುತ್ತದೆ. ಅದಕ್ಕೇ ನಮ್ಮ ಓಣಿಯಲ್ಲಿ ಅವರು ಬರುವ ದಿನ ಒಂದು ಮಗ್ಗಕ್ಕೆ ಹಳೇ ನೂಲನ್ನೇ ಉದ್ದೆಳೆಯಾಗಿ ಬಿಗಿದು ಹಾಸು ಹಾಕಿಡುತ್ತೇವೆ. ಹೋದ ವರ್ಷ ಬಂದ ಇವರೊಬ್ಬರನ್ನು ಮಾತ್ರ ಅತ್ತೆ ನಿಜವಾದ ರೇಷ್ಮೆ ಹಾಸು ಹಾಕಿದ್ದ ಮಗ್ಗದಲ್ಲೇ ಕೂರಿಸಿದ್ದರು. ಅಷ್ಟು ನಂಬಿದ್ದರು. ಆಮೇಲೆ ಕಡಿದ ಎಳೆಗಳಿಗೆ ಗಂಟು ಹಾಕುತ್ತಾ ಕೂತಾಗಲೂ ನಮಗೆ ಬೇಜಾರಾಗಿರಲಿಲ್ಲ.

ಊಟಕ್ಕೆ ಕೂತಾಗ ನಮ್ಮ ಯಜಮಾನರು, “ಹೊಸ ಮಂತ್ರೀನೂ ಬರ್ತಾರೆ ಬಿಡವ್ವ, ಮತ್ತೆ ಮೊದ್ಲಿಂದ ಹೇಳಾನ” ಎಂದರು.

ಅತ್ತೆ ಕೈ ತೊಳೆದು ಬಂದು ನನಗೆ, “ಅಟ್ಟದ ಮ್ಯಾಲೆ ಹಳೇ ನೂಲೈತೆ, ಇಳಿಸಿಡಮ್ಮ” ಎಂದರು.

ಇಳಿಸಿದೆ. ಅಲ್ಲಲ್ಲಿ ಇಲಿ ಕಡಿದಿದೆ. ಫೋಟೋಗೆ ಅಷ್ಟು ಸಾಕು.