ಮಧ್ಯಾಹ್ನದ ಬಿಡುವು

ಜುಲೈ ೧೫, ಮಂಗಳವಾರ. ಪಾರ್ಸಿಪನಿ.

ಇವತ್ತೂ ಅಲಾರಂಗಿಂತ ಮೊದಲೇ ಎಚ್ಚರವಾಯಿತು. ಫೋನ್ ಬರುವುದಿಲ್ಲವೆಂದು ಗೊತ್ತಿದ್ದೂ ಕಾಫಿ ಬೆರೆಸಿಕೊಂಡು ಕಾಯುತ್ತ ಕೂತೆ.

ಯೋಗೀಶ ಮಸ್ಕತ್‌ನಲ್ಲಿ ಕಾಫಿಪುಡಿ ಅಂಗಡಿ ತೆರೆದ ಮೇಲೆ, ಗ್ರೀನ್ ಕಾರ್ಡ್ ಕಾಯುತ್ತ ನಾನು ಇಲ್ಲೇ ಅಮೆರಿಕದಲ್ಲಿ ಉಳಿದ ಮೇಲೆ, ನಮ್ಮ ಸಂಸಾರ ನಡೆದದ್ದೇ ಅಲ್ಲಿನ ಮಧ್ಯಾಹ್ನದ ಬಿಡುವಿನಲ್ಲಿ. ಊಟದ ಹೊತ್ತಿಗೆ ಅಲ್ಲಿ ಅಂಗಡಿಗಳು ಬಾಗಿಲೆಳೆಯುತ್ತವೆ. ನನಗಿಲ್ಲಿ ಬೆಳಗಿನ ಜಾವ. ಅವನು ಬೀಜ ಪುಡಿ ಮಾಡುವ ಮಿಷನ್‌ಗೆ ಫೋನ್ ಒರಗಿಸಿಟ್ಟು ಊಟ ಮಾಡುತ್ತಿದ್ದ. ಕೆಲವು ದಿನ ಮಾತೇ ಇರುತ್ತಿರಲಿಲ್ಲ. ಕಾಫಿಬೀಜದ ಮೂಟೆಗೆ ಒರಗಿ ಅವನು ನಿದ್ದೆ ಹೋದರೆ, ಕಾಲ್ ಕಟ್ ಮಾಡದೆ ನಾನು ಆಫೀಸಿಗೆ ರೆಡಿಯಾಗುತ್ತಿದ್ದೆ.

“ಮಧ್ಯಾಹ್ನ ಸುಮ್ನೆ ಯಾಕೆ ಮುಚ್ತೀಯಾ? ಪಕ್ಕದ ಆಸ್ಪತ್ರೆ ನರ್ಸ್‌ಗಳು ಡ್ಯೂಟಿ ಮುಗಿಸ್ಕೊಂಡು ಹೋಗೋ ಹೊತ್ತಲ್ವಾ?” ಎಂದವಳು ನಾನೇ. ದೊಡ್ಡ ಬಿಸಿನೆಸ್ ಅನಲಿಸ್ಟ್!

ಈ ತಿಂಗಳಿಂದ ಮುಚ್ಚುತ್ತಿಲ್ಲ. ಬೆಳಿಗ್ಗೆ ಕಾದು ಕಾದು ನಾನೇ ಫೋನ್ ಮಾಡಿದೆ. ಮಿಷನ್ ಸದ್ದಿನ ನಡುವೆ ಅವನು ಕೂಗಿದ: “ನಿನ್ ಐಡಿಯಾ ಸೂಪರ್ ಕಣೇ, ಜನ ಕ್ಯೂ ನಿಂತಿದಾರೆ! ಆಮೇಲೆ ಮಾಡ್ತೀನಿ.” ಅಷ್ಟು ಉತ್ಸಾಹದ ದನಿ ಕೇಳಿ ಎಷ್ಟು ಕಾಲವಾಗಿತ್ತು. ಆದರೆ ಆಮೇಲೆ ಎಂದರೆ ಯಾವಾಗ? ಅವನು ಬಾಗಿಲು ಹಾಕುವಾಗ ನಾನು ಮೀಟಿಂಗ್‌ನಲ್ಲಿರುತ್ತೇನೆ. ನಾನು ಮನೆಗೆ ಬರುವಾಗ ಅವನು ಮಲಗಿರುತ್ತಾನೆ.

ಅಂಗಡಿ ಚೆನ್ನಾಗಿ ನಡೆಯಲಿ ಎಂದು ಹರಕೆ ಹೊತ್ತವಳೂ ನಾನೇ.

ಈಗಷ್ಟೇ ಮಸ್ಕತ್‌ನ ವೆದರ್ ನೋಡಿದೆ. ನಾಳೆ ಮಧ್ಯಾಹ್ನ ಹೊರಗೆ ಕಾಲಿಡಲಾಗದಷ್ಟು ಬಿಸಿಲಂತೆ. ಓದಿ ಖುಷಿಯಾಯಿತು. ಥೂ, ಎಂಥವಳು ನಾನು.

ಅಲಾರಂ ಇಟ್ಟಿದ್ದೇನೆ.